ಗಂಡಭೇರುಂಡ ತೊಟ್ಟ ಕ್ರೂಸರ್‌ನ ಹಿಂದಿನ ಜನ್ಮ

‘ಐಎನ್‌ಎಸ್ ಮೈಸೂರು’ 1957ರ ಆಗಸ್ಟ್ 29ರಂದು ಭಾರತೀಯ ನೌಕಾಪಡೆಗೆ ಸೇರುವ ಹೊತ್ತಿಗೆ ಹೊಸ ಹಡಗೇನೂ ಆಗಿರಲಿಲ್ಲ. ಹದಿನೇಳು ವರ್ಷ ಮೊದಲೇ ‘ಎಚ್‌ಎಂಎಸ್ ನೈಜೀರಿಯಾ’ ಎಂಬ ಹೆಸರಲ್ಲಿ ಸೇವೆಗಿಳಿದು, ಬ್ರಿಟಿಷ್ ನೌಕಾಪಡೆಯ ಹತ್ತನೇ ಕ್ರೂಸರ್ ಸ್ಕ್ವಾಡ್ರನ್‌ನಲ್ಲಿ ಎರಡನೇ ಮಹಾಯುದ್ಧದ ಅತಿ ಕಠಿಣ ದಿನಗಳನ್ನು ಕಂಡು, ಒಡಲಿಗೆ ಟಾರ್ಪಿಡೊ ಬಡಿದೂ ಮುಳುಗದೆ ಉಳಿದು ಬಂದಿತ್ತು. ಮೈಸೂರಿನ ಗಂಡಭೇರುಂಡವನ್ನು ಲಾಂಛನವಾಗಿ ತೊಟ್ಟ ಈ ಹಡಗಿನ ಹಿಂದಿನ ಜನ್ಮವೂ ನಮಗೆ ತಿಳಿದಿರಬೇಕು.

ಯುದ್ಧನೌಕೆಗಳಲ್ಲಿ ಕ್ರೂಸರ್ ಮಧ್ಯಮ ಗಾತ್ರದ್ದು. ದೊಡ್ಡ ಬ್ಯಾಟಲ್‌ಶಿಪ್‌ಗಿಂತ ವೇಗಿ, ಡೆಸ್ಟ್ರಾಯರ್‌ಗಿಂತ ಬಲಶಾಲಿ. ಸರಕು ಹಡಗುಗಳಿಗೆ ಬೆಂಗಾವಲಾಗುವುದು, ಶತ್ರುವಿನ ಸುಳಿವು ಹಿಡಿಯುವುದು ಅದರ ನಿತ್ಯದ ಕೆಲಸ. ಇಂಥ ಕೆಲವು ಹಡಗುಗಳನ್ನು ಒಬ್ಬ ರಿಯರ್ ಅಡ್ಮಿರಲ್‌ನ ಕೈಕೆಳಗೆ ಒಟ್ಟುಗೂಡಿಸಿದರೆ ಅದೇ ಸ್ಕ್ವಾಡ್ರನ್. ಇಂಗ್ಲೆಂಡಿನ ಟೈನ್ ನದಿಯ ದಂಡೆಯ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಹಡಗುಕಟ್ಟೆಯಲ್ಲಿ ಕಟ್ಟಿದ ನೈಜೀರಿಯಾ 1939ರ ಜುಲೈನಲ್ಲಿ ನೀರಿಗಿಳಿಯಿತು. ಒಪ್ಪಂದವೊಂದು ಕ್ರೂಸರ್‌ಗಳ ಭಾರಕ್ಕೆ 8,000 ಟನ್ನಿನ ಮಿತಿ ಹಾಕಿತ್ತು. ಆ ಇಕ್ಕಟ್ಟಿನಲ್ಲೇ ಎಂಜಿನಿಯರುಗಳು ಆರಿಂಚಿನ ಹನ್ನೆರಡು ತೋಪುಗಳನ್ನು ಕೂರಿಸಿದ್ದರು.

ಮೊದಲ ದೊಡ್ಡ ಸಾಹಸ ನಡೆದದ್ದು ಆರ್ಕ್‌ಟಿಕ್ ಸಮುದ್ರದಲ್ಲಿ, ಯಾನ್ ಮಾಯೆನ್ ದ್ವೀಪದ ಬಳಿ, 1941ರ ಜೂನ್ 28ರಂದು. ಜರ್ಮನ್ನರು ಅಲ್ಲಿ ಹವಾಮಾನ ವರದಿಗೆಂದು ‘ಲೌಯೆನ್‌ಬುರ್ಗ್’ ಎಂಬ ಪುಟ್ಟ ಹಡಗನ್ನು ನಿಲ್ಲಿಸಿದ್ದರು. ಇಂಥ ಹಡಗು ವಾರಗಟ್ಟಲೆ ದಡ ಕಾಣದೆ ಕಡಲಲ್ಲೇ ಇರುವುದರಿಂದ ‘ಎನಿಗ್ಮಾ’ ಗೂಢಲಿಪಿ ಯಂತ್ರದ ಮುಂದಿನ ತಿಂಗಳ ಕೀಲಿಗಳನ್ನೂ ಮುಂಚಿತವಾಗಿ ಹೊತ್ತುಕೊಂಡೇ ಹೊರಡಬೇಕು. ಬ್ರಿಟನ್ನಿನ ಗೂಢಲಿಪಿ ಬಿಡಿಸುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿನ ತರುಣ ಹ್ಯಾರಿ ಹಿನ್ಸ್ಲಿ ಈ ದೌರ್ಬಲ್ಯವನ್ನು ಗುರುತಿಸಿದ್ದ. ನೈಜೀರಿಯಾ ಮತ್ತು ಜೊತೆಗಿದ್ದ ಮೂರು ಡೆಸ್ಟ್ರಾಯರ್‌ಗಳು ಹಡಗನ್ನು ಪತ್ತೆಹಚ್ಚಿದವು. ಅವುಗಳಲ್ಲೊಂದಾದ ‘ಟಾರ್ಟರ್’ ನೌಕೆಯವರು ಅದನ್ನು ಹತ್ತಿ ಕಾಗದಪತ್ರ ವಶಪಡಿಸಿಕೊಂಡರು. ಜುಲೈ ತಿಂಗಳ ಕೀಲಿಗಳು ಹೀಗೆ ಬ್ರಿಟನ್ನಿನ ಕೈಸೇರಿದವು. ಹಡಗನ್ನು ಮುಳುಗಿಸುವುದಕ್ಕಿಂತ ಅದರೊಳಗಿನ ಕಾಗದ ಉಳಿಸುವುದೇ ದೊಡ್ಡ ಗೆಲುವಾಗಿದ್ದ ಯುದ್ಧ ಅದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಅರೋರಾ’ ಜೊತೆ ಸೇರಿ ಜರ್ಮನ್ ನೌಕೆ ‘ಬ್ರೆಮ್ಸೆ’ಯನ್ನು ಮುಳುಗಿಸಿದಾಗ ನೈಜೀರಿಯಾದ ಮೂತಿಯೂ ಜಜ್ಜಿಹೋಯಿತು.

ನಿಜವಾದ ಅಗ್ನಿಪರೀಕ್ಷೆ ಬಂದದ್ದು 1942ರ ಆಗಸ್ಟಿನಲ್ಲಿ. ಮೆಡಿಟರೇನಿಯನ್ ನಡುವಿನ ಮಾಲ್ಟಾ ದ್ವೀಪದಲ್ಲಿ ಆಹಾರವೂ ತೈಲವೂ ಮುಗಿಯುತ್ತ ಬಂದಿದ್ದವು. ಹದಿನಾಲ್ಕು ಸರಕು ಹಡಗುಗಳನ್ನು ಅಲ್ಲಿಗೆ ಮುಟ್ಟಿಸುವುದೇ ‘ಆಪರೇಷನ್ ಪೆಡೆಸ್ಟಲ್’. ಕೊನೆಯ ಹಂತದ ಬೆಂಗಾವಲಿನ ಹೊಣೆ ಹತ್ತನೇ ಕ್ರೂಸರ್ ಸ್ಕ್ವಾಡ್ರನ್‌ನ ರಿಯರ್ ಅಡ್ಮಿರಲ್ ಹ್ಯಾರಲ್ಡ್ ಬರೋ ಅವರದು. ಅವರ ಬಾವುಟ ಹಾರುತ್ತಿದ್ದುದು ನೈಜೀರಿಯಾದ ಮೇಲೆ.

ಆಗಸ್ಟ್ 12ರ ಸಂಜೆ, ಇಕ್ಕಟ್ಟಾದ ಕಡಲದಾರಿ ಹೊಗಲೆಂದು ಹಡಗುಗಳು ನಾಲ್ಕು ಸಾಲಿನಿಂದ ಎರಡು ಸಾಲಿಗೆ ಹೊಂದಿಕೊಳ್ಳುತ್ತಿದ್ದವು. ಅದೇ ಗಳಿಗೆಗೆ ಇಟಲಿಯ ಜಲಾಂತರ್ಗಾಮಿ ‘ಅಕ್ಸುಂ’ ನಾಲ್ಕು ಟಾರ್ಪಿಡೊ ಬಿಟ್ಟಿತು. ಒಂದೇ ದಾಳಿಗೆ ಮೂರು ಹಡಗುಗಳಿಗೆ ಪೆಟ್ಟು: ನೈಜೀರಿಯಾ, ಇನ್ನೊಂದು ಕ್ರೂಸರ್ ‘ಕೈರೋ’, ತೈಲ ಹೊತ್ತ ‘ಒಹಾಯೊ’. ನೈಜೀರಿಯಾದಲ್ಲಿ 52 ಮಂದಿ ಸತ್ತರು. ಕೈರೋವನ್ನು ಉಳಿಸಲಾಗದೆ ತಾವೇ ಮುಳುಗಿಸಿದರು. ಆಕಾಶದಲ್ಲಿದ್ದ ಸ್ವಪಕ್ಷದ ಯುದ್ಧವಿಮಾನಗಳಿಗೆ ದಾರಿ ತೋರುವ ಸಲಕರಣೆ ಇದ್ದದ್ದು ಈ ಎರಡು ಹಡಗುಗಳಲ್ಲಿ ಮಾತ್ರ. ಎರಡೂ ಒಟ್ಟಿಗೆ ಕೈತಪ್ಪಿದ್ದರಿಂದ ಉಳಿದ ಹಡಗುಗಳ ನೆತ್ತಿಯ ಮೇಲಿನ ರಕ್ಷಣೆಯೇ ಹೋಯಿತು. ಬರೋ ‘ಅಶಾಂಟಿ’ ಎಂಬ ಡೆಸ್ಟ್ರಾಯರ್‌ಗೆ ದಾಟಿ ಮುಂದೆ ಸಾಗಿದರು. ಗಾಯಗೊಂಡ ನೈಜೀರಿಯಾ ತನ್ನ ಎಂಜಿನ್‌ಗಳ ಬಲದಲ್ಲೇ ಜಿಬ್ರಾಲ್ಟರಿಗೆ ಮರಳಿತು. ಹದಿನಾಲ್ಕರಲ್ಲಿ ಮಾಲ್ಟಾ ಮುಟ್ಟಿದ್ದು ಐದೇ. ಅವುಗಳಲ್ಲಿ ಒಹಾಯೊ ಕೂಡ ಒಂದು. ಎರಡು ಡೆಸ್ಟ್ರಾಯರ್‌ಗಳ ನಡುವೆ ಕಟ್ಟಿಸಿಕೊಂಡು, ಮುಳುಗುವ ಅಂಚಿನಲ್ಲಿ, ಆಗಸ್ಟ್ 15ರಂದು ಬಂದರು ಸೇರಿತು. ಮಾಲ್ಟಾ ಕೈತಪ್ಪಲಿಲ್ಲ. ಅದಕ್ಕಾಗಿ ತೆತ್ತ ಬೆಲೆಯಲ್ಲಿ ಆ 52 ಜೀವಗಳೂ ಸೇರಿವೆ.

ಅಮೆರಿಕದಲ್ಲಿ ತಿಂಗಳುಗಟ್ಟಲೆ ರಿಪೇರಿಯಾಗಿ ನೈಜೀರಿಯಾ 1944ರಲ್ಲಿ ನಮ್ಮತ್ತ ಬಂತು. ಬ್ರಿಟನ್ನಿನ ಪೂರ್ವ ನೌಕಾಪಡೆ ಸೇರಿ ಟ್ರಿಂಕೋಮಲಿಯಿಂದ ಜಪಾನೀಯರ ವಿರುದ್ಧ ಕಾದಿತು. 1954ರಲ್ಲಿ ಭಾರತ ಅದನ್ನು ಮೂರು ಲಕ್ಷ ಪೌಂಡಿಗೆ ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ನವೀಕರಣ ಮುಗಿಸಿಕೊಂಡು ಹೊಸ ಹೆಸರು ಪಡೆಯುವಾಗ ಅದರಲ್ಲಿ ಒಂಬತ್ತು ದೊಡ್ಡ ತೋಪುಗಳು ಉಳಿದಿದ್ದವು. ಎಂದೂ ಅಂಜದವನು ಎಂಬರ್ಥದ ಅದರ ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನದು.

ಪುಣೆಯ ಮಗರಪಟ್ಟಾದ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಕಡಲು ದೂರದ ಮಾತು. ಆದರೆ ಇದೇ ಊರಿನ ಇನ್ನೊಂದು ತುದಿಯ ಖಡಕ್‌ವಾಸ್ಲಾದಲ್ಲಿ ನಾಳಿನ ನೌಕಾ ಅಧಿಕಾರಿಗಳು ಕೆರೆಯ ನೀರಲ್ಲಿ ದೋಣಿ ನಡೆಸಿ ಕಲಿಯುತ್ತಾರೆ. ಹಡಗಿನ ಎಂಜಿನ್ ವಿದ್ಯೆ ಕಲಿಸುವ ‘ಐಎನ್‌ಎಸ್ ಶಿವಾಜಿ’ 1945ರಿಂದಲೂ ಲೋಣಾವಳದಲ್ಲೇ ಇದೆ. ನಾಲ್ಕು ಉಗಿ ಟರ್ಬೈನುಗಳ ಮೈಸೂರಿನಂಥ ಹಡಗು ಓಡಬೇಕಾದರೆ ತೋಪಿನವರಷ್ಟೇ ಮುಖ್ಯ, ತಳದ ಬಿಸಿಯಲ್ಲಿ ಬಾಯ್ಲರ್ ಕಾಯುವವರು. ಬರವಣಿಗೆಗಳಲ್ಲಿ ಅವರ ಹೆಸರು ಬರುವುದು ಬಲು ಕಡಿಮೆ.

ಕರ್ನಾಟಕದ ತೀರಕ್ಕೆ ಈ ಹಡಗು ತೀರ ಹತ್ತಿರವಾದದ್ದು 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ವೇಳೆ. ಕಾರವಾರದೆದುರಿನ ಅಂಜದೀವ್ ದ್ವೀಪ ಆಗ ಪೋರ್ಚುಗೀಸರ ವಶದಲ್ಲಿತ್ತು. ‘ತ್ರಿಶೂಲ್’ನೊಂದಿಗೆ ಮೈಸೂರು ಅಲ್ಲಿ ನಿಂತು ನಾವಿಕರನ್ನು ದಡಕ್ಕಿಳಿಸಿತು. ಬಿಳಿ ಬಾವುಟ ತೋರಿದ ಮೇಲೂ ಒಳಗಿನಿಂದ ಗುಂಡು ಹಾರಿತು. ನಮ್ಮ ಏಳು ನಾವಿಕರು ಸತ್ತರು. ಹತ್ತು ವರ್ಷದ ನಂತರ, 1971ರ ಯುದ್ಧದಲ್ಲಿ, ರಿಯರ್ ಅಡ್ಮಿರಲ್ ಕುರುವಿಲ್ಲ ಅವರ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿ ಅರಬ್ಬಿ ಸಮುದ್ರದಲ್ಲಿತ್ತು.

1985ರ ಆಗಸ್ಟ್ 20ರಂದು ಮೈಸೂರು ನಿವೃತ್ತವಾಗಿ ಗುಜರಿಗೆ ಹೋಯಿತು. ಅದೇ ಹೆಸರು ಹೊತ್ತ ಡೆಸ್ಟ್ರಾಯರ್ 1999ರಿಂದ ಸೇವೆಯಲ್ಲಿದೆ. ಹಳೆಯ ಹಡಗಿನ ಅಂದಾಜು ಬೇಕೆನ್ನುವವರು ಲಂಡನ್ನಿಗೆ ಹೋದಾಗ ಥೇಮ್ಸ್ ನದಿಯಲ್ಲಿರುವ ‘ಎಚ್‌ಎಂಎಸ್ ಬೆಲ್‌ಫಾಸ್ಟ್’ ಹತ್ತಬೇಕು. ಅದೂ ಹತ್ತನೇ ಕ್ರೂಸರ್ ಸ್ಕ್ವಾಡ್ರನ್‌ನದೇ. 1943ರ ಡಿಸೆಂಬರ್ 26ರಂದು ಜರ್ಮನ್ ಬ್ಯಾಟಲ್‌ಶಿಪ್ ‘ಶಾರ್ನ್‌ಹೋರ್ಸ್ಟ್’ ಅನ್ನು ರಾಡಾರಿನಲ್ಲಿ ಮೊದಲು ಹಿಡಿದ ಹಡಗು. ಮೈಸೂರಿನಲ್ಲಿದ್ದಂತೆಯೇ ಆರಿಂಚಿನ ಮೂರು ಮೂರು ತೋಪುಗಳ ಗೋಪುರಗಳು ಅದರಲ್ಲೂ ಇವೆ, ಬಾಯ್ಲರ್ ಕೋಣೆಗೂ ಇಳಿದು ನೋಡಬಹುದು.