ಏರಿ ಹತ್ತುವ ಲಾರಿಯ ದನಿ

ಭತ್ತದ ಕೊಯ್ಲಿನ ಹೊತ್ತಿಗೆ ಬಳ್ಳಾರಿ ಸೀಮೆಯ ಕೆಂಚನಗುಡ್ಡಕ್ಕೆ ಬಂದರೆ ಮೂಗಿಗೆ ಮೊದಲು ತಾಕುವುದು ಹಸಿಹುಲ್ಲಿನ ವಾಸನೆ, ಅದರ ಬೆನ್ನಿಗೇ ಡೀಸೆಲ್ ಹೊಗೆ. ಅತ್ತ ತುಂಗಭದ್ರೆ, ವಸುಧೇಂದ್ರ ತೀರ್ಥರ ಬೃಂದಾವನಕ್ಕೆ ಬಂದ ಭಕ್ತರ ಓಡಾಟ. ಇತ್ತ ಕಣ್ಣು ಹಾಯುವಷ್ಟು ದೂರ ಕೊಯ್ದ ಗದ್ದೆ, ನಡುವೆ ಅಲ್ಲಲ್ಲಿ ರಾಶಿ. ಹಮಾಲರು ತಲೆಗೆ ಟವೆಲ್ ಸುತ್ತಿ, ಹಲಗೆಯ ಮೇಲೆ ಹೆಜ್ಜೆ ಅಳೆದು ಹತ್ತಿ, ಚೀಲವನ್ನು ಧೊಪ್ಪೆಂದು ಲಾರಿಗೆ ಇಳಿಸುತ್ತಾರೆ. ಪ್ರತಿ ಚೀಲಕ್ಕೂ ಹಿಂದಿನ ಸ್ಪ್ರಿಂಗ್ ಪಾಟಾಗಳು ಕಿರ್ರೆನ್ನುತ್ತ ಒಂದಿಷ್ಟು ತಗ್ಗುತ್ತವೆ. ಈ ಸೀಮೆಯಲ್ಲಿ ಭತ್ತದ ವ್ಯಾಪಾರ 75 ಕಿಲೋ ಚೀಲದ ಲೆಕ್ಕದಲ್ಲಿ. ಹತ್ತು ಗಾಲಿಯ ಲಾರಿಗೆ ಅಂಥ 240 ಚೀಲ ಏರಿದರೆ ಹದಿನೆಂಟು ಟನ್ ಆಯಿತು. ಗಾಡಿಯೂ ಸೇರಿ 28.5 ಟನ್ ಮೀರುವಂತಿಲ್ಲ. 2018ಕ್ಕೆ ಮುಂಚೆ ಈ ಮಿತಿ 25 ಟನ್ ಇತ್ತು.

ಇಷ್ಟು ಭಾರ ಹೊತ್ತ ಲಾರಿ ಮೊದಲು ದಾಟಬೇಕಾದದ್ದು ಕಾಲುವೆಯ ಏರಿ. ಎರೆಮಣ್ಣಿನ ದಾರಿ, ಬದಿಯಲ್ಲಿ ನೀರಿನ ಜಿನುಗು, ಮುಂದೆ ಮೋಟು ಗೋಡೆಯಂಥ ಏರು. ಐವತ್ತು ದಾಟಿದ ಡ್ರೈವರಣ್ಣ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂರುತ್ತಾನೆ. ಎಡಗಾಲು ಕ್ಲಚ್ಚನ್ನು ತಳ ಮುಟ್ಟಿಸುತ್ತದೆ. ಒಂದು ಉಸಿರಿನಷ್ಟು ತಡೆದು, ಗೇರ್ ರಾಡನ್ನು ಬೆರಳ ತುದಿಯಲ್ಲೇ ಒಂದನೆಯದಕ್ಕೆ ದೂಡುತ್ತಾನೆ, ಗುದ್ದುವುದಿಲ್ಲ, ಎಳೆದಾಡುವುದಿಲ್ಲ. ಕ್ಲಚ್ ಮೆಲ್ಲಗೆ ಮೇಲೇಳುತ್ತ ಬಂದಾಗ ಎಲ್ಲೋ ಒಂದು ಕಡೆ ಕ್ಯಾಬಿನ್ ಪೂರ್ತಿ ಸಣ್ಣಗೆ ನಡುಗುತ್ತದೆ. ಎಂಜಿನ್ನಿಗೂ ಗಾಲಿಗೂ ಸಂಬಂಧ ಕೂಡಿಕೊಂಡ ಗುರುತು ಅದು. ಆಗಲೇ ಹ್ಯಾಂಡ್ ಬ್ರೇಕ್ ಸುಸ್ಸೆಂದು ಬಿಡುತ್ತದೆ, ಬಲಗಾಲು ಎಕ್ಸಲೇಟರಿನ ಮೇಲೆ ಭಾರ ಹಾಕುತ್ತದೆ, ಲಾರಿ ನೆಲ ಕಚ್ಚಿ ಮೇಲೇಳುತ್ತದೆ. ಎಡಗಾಲು ಅಷ್ಟರಲ್ಲಿ ಕ್ಲಚ್ ಬಿಟ್ಟು ಪಕ್ಕಕ್ಕೆ ಬಂದಿರುತ್ತದೆ. ಹಾಫ್ ಕ್ಲಚ್ಚಿನಲ್ಲೇ ಏರಿ ಹತ್ತಿಸಲು ಹೊರಟವರ ಗಾಡಿಯಿಂದ ಬರುವ ಸುಟ್ಟ ವಾಸನೆ ಗದ್ದೆಯ ಆಚೆ ತುದಿಗೂ ಮುಟ್ಟುತ್ತದೆ. ಕ್ಲಚ್ ಪ್ಲೇಟು ಸವೆದು ಹೋಗುತ್ತಿರುವ ವಾಸನೆ.

“ಏರಿ ಮ್ಯಾಲ ಗೇರ್ ಬದಲಿ ಮಾಡಬ್ಯಾಡ ತಮ್ಮಾ. ಯಾವ ಗೇರು ಬೇಕಂತ ಕೆಳಗೇ ಲೆಕ್ಕ ಹಾಕ್ಕೋ,” ಎಂದು ಪಕ್ಕದಲ್ಲಿ ಕೂತ ಕ್ಲೀನರ್ ಹುಡುಗನಿಗೆ ಹೇಳುತ್ತಾನೆ. ಕ್ಲಚ್ ತುಳಿದ ಗಳಿಗೆಯಲ್ಲಿ ಗಾಲಿಗೆ ಎಂಜಿನ್ನಿನ ಬಲ ತಪ್ಪುತ್ತದೆ. ಭಾರ ಹಿಂದಕ್ಕೆ ಜಗ್ಗಲು ಅಷ್ಟೇ ಸಾಕು.

ಏರಿ ದಾಟಿ ಸಿರುಗುಪ್ಪದ ಕಡೆಗೆ ತಿರುಗಿ 150ಎ ಹೆದ್ದಾರಿಗೆ ಬಂದ ಮೇಲೆ ದನಿ ಬದಲಾಗುತ್ತದೆ. ಎರಡು, ಮೂರು, ನಾಲ್ಕು. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನಲ್ಲಿ ಹಸಿರು ಪಟ್ಟಿ ಇದೆ, ಮುಳ್ಳು ಅದರೊಳಗೇ ಇದ್ದರೆ ಡೀಸೆಲ್ ಉಳಿಯುತ್ತದೆ. ಅಣ್ಣ ಅದನ್ನು ನೋಡುವುದೇ ಅಪರೂಪ. ಎಂಜಿನ್ ಗೊಣಗತೊಡಗಿದರೆ ಒಂದು ಗೇರ್ ಕೆಳಗೆ, ಕೀರಲಾದರೆ ಒಂದು ಮೇಲೆ. ಅವನ ಕಾಲು ಕೆಲವೊಮ್ಮೆ ಕ್ಲಚ್ಚನ್ನು ಎರಡು ಸಲ ತುಳಿಯುತ್ತದೆ: ಒಮ್ಮೆ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಎಕ್ಸಲೇಟರಿಗೆ ಒಂದು ಒತ್ತು, ಮತ್ತೆ ತುಳಿದು ಕೆಳಗಿನ ಗೇರ್. ಹಳೆಯ ಗೇರ್ ಬಾಕ್ಸಿನಲ್ಲಿ ಹಲ್ಲುಗಳ ವೇಗವನ್ನು ಚಾಲಕನೇ ಹೀಗೆ ಸರಿದೂಗಿಸಬೇಕಿತ್ತು, ಇಲ್ಲದಿದ್ದರೆ ಕರಕರ ಸದ್ದು. ಆ ಕೆಲಸವನ್ನು ಉಂಗುರಗಳಿಗೆ ಒಪ್ಪಿಸಿದ ಸಿಂಕ್ರೋಮೆಶ್ 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂತು. ಇವತ್ತಿನ ಲಾರಿಗಳಲ್ಲೂ ಅದಿದೆ. ಆದರೂ ಭಾರದ ಗಾಡಿಯಲ್ಲಿ ಈ ಹಳೆಯ ರೂಢಿ ಆ ಉಂಗುರಗಳ ಆಯಸ್ಸು ಹೆಚ್ಚಿಸುತ್ತದೆ. ಅದನ್ನು ಬಲ್ಲವರು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬಳ್ಳಾರಿಯ ಬಯಲಲ್ಲಿ ಗಾಡಿ ಓಡಿಸುವ ಅಣ್ಣ ಘಾಟಿ ಇಳಿಯುವ ಪಾಠ ಕಲಿತದ್ದೆಲ್ಲಿ? ಅದಿರಿನ ಕಾಲದಲ್ಲಿ, ಎನ್ನುತ್ತಾನೆ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಇಲ್ಲಿನ ಗಣಿಗಾರಿಕೆ ನಿಲ್ಲಿಸುವ ಮುಂಚೆ ಲಾರಿಗಳ ಸಾಲು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಬೇಲೇಕೇರಿ ಬಂದರಿಗೆ ಹೋಗುತ್ತಿತ್ತು. “ಹತ್ತೋ ಗೇರಿನಾಗ ಇಳೀಬೇಕು. ನ್ಯೂಟ್ರಲ್ ಮಾಡಿದೆಂದ್ರ ಗಾಡಿ ನಿನ್ನ ಮಾತು ಕೇಳಂಗಿಲ್ಲ.” ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದವರಿಗೆ ಬರೀ ಬ್ರೇಕೇ ಗತಿ. ಡ್ರಮ್ಮು ಕಾದು ಹಿಡಿತ ಸಡಿಲಾದ ಮೇಲೆ, ಆ ವೇಗದಲ್ಲಿ ಮತ್ತೆ ಗೇರ್ ಹಾಕುತ್ತೇನೆಂದರೂ ಬೀಳುವುದಿಲ್ಲ.

ದನಿ ಕೇಳಿ ಕಲಿಯುವ ಈ ವಿದ್ಯೆಯೂ ಬದಲಾದೀತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಬಳ್ಳಾರಿಯ ಬೇಸಿಗೆ ಕಂಡವರಿಗೆ ಅದು ದೊಡ್ಡ ನೆಮ್ಮದಿ, ಎಷ್ಟೋ ಮೊದಲೇ ಬರಬೇಕಿತ್ತು. ಕಿಟಕಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಕಲಿಯುವ ಹುಡುಗರು ಎಂಜಿನ್ನಿನ ದನಿಗಿಂತ ಆ ಹಸಿರು ಪಟ್ಟಿಯನ್ನೇ ಹೆಚ್ಚು ನಂಬಬೇಕಾದೀತು.

ರೈಸ್ ಮಿಲ್ಲಿನ ಕಾಟಾದಲ್ಲಿ ತೂಕವಾಗಿ, ಚೀಲ ಇಳಿದು ಲಾರಿ ಹಗುರಾದ ಮೇಲೆ ಅಣ್ಣ ಸೀಟು ಬಿಟ್ಟು ಇಳಿಯುತ್ತಾನೆ. ಲೈಸೆನ್ಸ್ ಈಗಷ್ಟೇ ಕೈಗೆ ಬಂದ ಕ್ಲೀನರ್ ಹುಡುಗ ಮಿಲ್ಲಿನ ಅಂಗಳದಲ್ಲೇ ಮೇಲೇರಿ ಕೂರುತ್ತಾನೆ. ರಾಡಿಗೆ ಕೈ ಹಾಕುವ ಆತುರ. “ತಡಿ, ಮೊದಲ ಕ್ಲಚ್ ಪೂರಾ ತುಳಿ. ಹ್ಞಾಂ, ಈಗ ಎರಡನೇದು ಹಾಕು. ಖಾಲಿ ಗಾಡಿಗೆ ಒಂದನೇದು ಬ್ಯಾಡ.”