ಊಟಕ್ಕೆ ಮುನ್ನಿನ ಅರ್ಧ ಗಂಟೆ

ಇಟಲಿಯ ಟುರಿನ್ ನಗರದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಯಲ್ಲಿ ಒಂದು ತಿಂಗಳು ಕಳೆಯುವ ಅವಕಾಶ ನನಗೂ ನನ್ನ ಪತ್ನಿಗೂ ಒದಗಿತ್ತು. ಸಂಜೆ ಏಳರ ಸುಮಾರಿಗೆ ಅಲ್ಲಿ ಬೀದಿಬದಿಯ ಮೇಜುಗಳೆಲ್ಲ ತುಂಬಿಕೊಳ್ಳುತ್ತಿದ್ದವು. ಕಚೇರಿ ಮುಗಿಸಿದ ಯುವಕರು, ವೃದ್ಧ ದಂಪತಿಗಳು ಕೆಂಪು ಅಥವಾ ಕಿತ್ತಳೆ ಬಣ್ಣದ ಒಂದೊಂದು ಲೋಟ ಮುಂದಿಟ್ಟುಕೊಂಡು ಮಾತಿಗೆ ಕೂರುತ್ತಿದ್ದರು. ಅದು ಮುಗಿದ ಮೇಲೆ ಎದ್ದು ಊಟಕ್ಕೆ ಹೊರಡುತ್ತಿದ್ದರು. ಈ ಪದ್ಧತಿಯ ಹೆಸರು ‘ಅಪೆರಿಟಿವೊ’. ‘ತೆರೆಯುವುದು’ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಪದ. ಹಸಿವನ್ನು ತೆರೆಯುವ ಪಾನೀಯ ಎಂದು ತಾತ್ಪರ್ಯ. ನಮ್ಮ ಆಯುರ್ವೇದ ‘ದೀಪನ’ ಎಂದು ಕರೆದಿರುವುದೂ ಈ ಗುಣವನ್ನೇ.

1786ರಲ್ಲಿ ಇದೇ ಟುರಿನ್‌ನಲ್ಲಿ ಆಂಟೋನಿಯೊ ಕಾರ್ಪಾನೊ ಎಂಬಾತ ದ್ರಾಕ್ಷಾರಸದಲ್ಲಿ ಗಿಡಮೂಲಿಕೆಗಳನ್ನು ನೆನೆಸಿ ‘ವರ್ಮೂತ್’ ತಯಾರಿಸಿದನೆಂಬುದು ಪ್ರತೀತಿ. ಅದಕ್ಕೆ ಹೆಸರು ಕೊಟ್ಟ ಕಹಿ ಗಿಡ ನಮ್ಮ ದವನದ ಹತ್ತಿರದ ಬಂಧು. 1860ರಲ್ಲಿ ನೊವಾರಾದಲ್ಲಿ ಗಾಸ್ಪಾರೆ ಕಂಪಾರಿ ತನ್ನ ಕೆಂಪು ಕಹಿಪಾನೀಯವನ್ನು ರೂಪಿಸಿದ. 1919ರಲ್ಲಿ ಪಾದುವಾದಲ್ಲಿ ಕಿತ್ತಳೆ ಬಣ್ಣದ ‘ಅಪೆರೋಲ್’ ಬಂತು. ತಯಾರಿಕೆ ಸರಳ: ಮೂರು ಪಾಲು ನೊರೆಯುಕ್ಕುವ ಬಿಳಿ ದ್ರಾಕ್ಷಾರಸ, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ, ಮಂಜುಗಡ್ಡೆ, ಕಿತ್ತಳೆಯ ಒಂದು ಹೋಳು. ಇದೇ ‘ಸ್ಪ್ರಿಟ್ಸ್’. ಜೊತೆಗೆ ಉಪ್ಪಿನಲ್ಲಿಟ್ಟ ಆಲಿವ್ ಕಾಯಿ.

ಮದ್ಯ ಮುಟ್ಟದ ನನ್ನಂಥವರಿಗೆಂದೇ ಮದ್ಯರಹಿತ ಕಹಿಪಾನೀಯಗಳೂ ಅಲ್ಲುಂಟು. ಮೊದಲ ಗುಟುಕಿಗೇ ಚಳ್ಳಕೆರೆಯ ಅಡುಗೆಮನೆ ನೆನಪಾಯಿತು. ಜ್ವರ ಬಂದಾಗ ಅಮ್ಮ ಕುಡಿಸುತ್ತಿದ್ದ ನೆಲಬೇವಿನ ಕಷಾಯಕ್ಕೆ ಸಕ್ಕರೆ ಬೆರೆಸಿದಂತಿತ್ತು ಅದು. ಆದರೆ ನನ್ನನ್ನು ಕಾಡಿದ್ದು ಆ ರುಚಿಯಲ್ಲ. ಆ ಜನರು ಊಟಕ್ಕೆ ಮುನ್ನ ತೆಗೆದಿರಿಸಿಕೊಂಡಿದ್ದ ಬಿಡುವು.

ಅಂಥ ಬಿಡುವು ನಮ್ಮಲ್ಲಿಯೂ ಇತ್ತು. ಮಳೆ ಕಡಿಮೆ ಬೀಳುವ, ನೀರಿಗೆ ಬೆಲೆ ತಿಳಿದ ಸೀಮೆ ನಮ್ಮದು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಕುಶಲಪ್ರಶ್ನೆ, ಊಟದ ಮಾತು ಕಡೆಗೆ. ಬೇಸಿಗೆಯಲ್ಲಿ ಆ ಜಾಗಕ್ಕೆ ಪಾನಕ ಬರುತ್ತಿತ್ತು. ಒಂದು ಲೀಟರ್ ತಣ್ಣೀರಿಗೆ ಸುಮಾರು 150 ಗ್ರಾಂ ಬೆಲ್ಲ ಕರಗಿಸಿ ಸೋಸಿ, ಎರಡು ನಿಂಬೆಹಣ್ಣಿನ ರಸ, ಅರ್ಧ ಚಮಚ ಶುಂಠಿಪುಡಿ, ನಾಲ್ಕಾರು ಕಾಳುಮೆಣಸು ಮತ್ತು ಎರಡು ಏಲಕ್ಕಿ ಕುಟ್ಟಿದ ಪುಡಿ, ಚಿಟಿಕೆ ಉಪ್ಪು ಬೆರೆಸಿ ಹೊಸ ಮಡಕೆಯಲ್ಲಿಟ್ಟರೆ ಆಯಿತು. ಶುಂಠಿ, ಮೆಣಸು ಎರಡೂ ದೀಪನವೇ. ಕೆಲವು ಮನೆಗಳಲ್ಲಿ ಸೊಗದೆ ಬೇರಿನ ಶರಬತ್ತೂ ಇರುತ್ತಿತ್ತು. ಗಡಿಯಾಚೆಯ ರಾಯಲಸೀಮೆಯಲ್ಲಿ ಅದೇ ‘ನನ್ನಾರಿ’. ಈಗ ನಮ್ಮ ಮನೆಗಳಲ್ಲಿ ಪಾನಕ ರಾಮನವಮಿಯ ಒಂದು ದಿನಕ್ಕೆ ಸೀಮಿತವಾಗಿದೆ. ಉಳಿದ ದಿನಗಳಲ್ಲಿ ಅತಿಥಿಗಳಿಗೆ ಫ್ರಿಜ್ಜಿನ ಬಾಟಲಿಯೇ ಗತಿ.

ಇನ್ನೊಂದು ಬಗೆಯ ಕುಡಿತವನ್ನೂ ನಾನು ಸೇವಾವಧಿಯಲ್ಲಿ ಕಂಡಿದ್ದೇನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಗುವ ಮುನ್ನ, ಕೂಲಿ ಮುಗಿಸಿದವರು ಅಂಗಡಿಯ ಮುಂದೆ ನಿಂತ ನಿಲುವಿನಲ್ಲೇ ಸಾರಾಯಿ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಬರಿದು ಮಾಡುತ್ತಿದ್ದರು. ಅಲ್ಲಿ ಮೇಜಿರಲಿಲ್ಲ, ತಿನಿಸಿರಲಿಲ್ಲ, ಹೆಂಡತಿ ಜೊತೆಗಿರಲಿಲ್ಲ. ಅವಳ ಪಾಲಿಗೆ ಉಳಿಯುತ್ತಿದ್ದುದು ಖಾಲಿ ಜೇಬು. ಇಟಲಿಯವರ ಮದ್ಯವನ್ನು ನಾನು ಸಮರ್ಥಿಸುತ್ತಿಲ್ಲ; ಅತಿಯಾದರೆ ಅದೂ ಮನೆ ಕೆಡಿಸುತ್ತದೆ. ಆದರೆ ಮೊದಲ ಲೋಟದ ಸುಖ ಎರಡನೆಯದರಲ್ಲಿಲ್ಲ ಎಂಬ ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮವನ್ನು ನಾನು ಎಂ.ಎ. ತರಗತಿಯಲ್ಲಿ ಓದಿದ್ದೆ. ಒಂದೇ ಲೋಟಕ್ಕೆ ಎದ್ದುಹೋಗುವವರನ್ನು ಕಂಡದ್ದು ಅಲ್ಲಿ.

ಅನ್ಯರ ಕುಡಿತದ ಬಗೆಗೆ ಇಷ್ಟು ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಮೂವತ್ತಕ್ಕೂ ಹೆಚ್ಚು ವರ್ಷಗಳ ಸೇವೆಯಲ್ಲಿ ನಾನು ಮನೆ ಸೇರುತ್ತಿದ್ದುದು ಬಹುಪಾಲು ರಾತ್ರಿ ಹತ್ತರ ನಂತರ. ಮುಚ್ಚಿಟ್ಟ ತಟ್ಟೆಯನ್ನು ತೆರೆದು, ಕಡತವೊಂದನ್ನು ಪಕ್ಕದಲ್ಲಿಟ್ಟುಕೊಂಡು ಉಣ್ಣುತ್ತಿದ್ದೆ. ಹಾಗಾಗಿ ಟುರಿನ್‌ನಿಂದ ಮರಳಿದ ಮೇಲೆ ಒಂದು ನಿಯಮ ಮಾಡಿಕೊಂಡೆವು. ಸಂಜೆ ಏಳಕ್ಕೆ ಟಿ.ವಿ., ಮೊಬೈಲು ಎರಡೂ ಬಂದ್. ಜಗಲಿಯ ಮೇಲೆ ಎರಡು ಲೋಟ ಪಾನಕ, ಒಂದು ತಟ್ಟೆ ಹುರಿದ ಶೇಂಗಾ. ಎಣ್ಣೆ ಮಿಲ್ಲುಗಳ ಈ ಊರಿನಲ್ಲಿ ಆಲಿವ್ ಹುಡುಕುವ ಅಗತ್ಯವೇನಿದೆ? ಪಾನಕ ಮಾಡುವ ಕೆಲಸ ನನ್ನದು.

ಮೊದಲ ಕೆಲವು ದಿನ ಮಾತು ಹೊರಡಲಿಲ್ಲ. ಒಂದು ಸಂಜೆ ಆಕೆ 2003ರ ಬರಗಾಲದ ಕಥೆ ತೆಗೆದಳು. ನಾನು ಪರಿಹಾರ ಕಾಮಗಾರಿಗಳ ಮೇಲೆ ಹಳ್ಳಿಗಳಲ್ಲಿದ್ದ ಒಂದು ರಾತ್ರಿ ಮಗಳಿಗೆ ಜ್ವರ ನೆತ್ತಿಗೇರಿ, ಆಟೊದಲ್ಲಿ ಒಬ್ಬಳೇ ಆಸ್ಪತ್ರೆಗೆ ಕರೆದೊಯ್ದು, ಬೆಳಗಿನವರೆಗೆ ಬೆಂಚಿನ ಮೇಲೆ ಕುಳಿತಿದ್ದಳಂತೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಸಂಗತಿ ನನಗೆ ತಿಳಿದಿರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದೆ.

“ಹೇಳೋಕೆ ನೀವು ಯಾವಾಗ ಕೂತಿದ್ರಿ?” ಎಂದಳು.

ಆ ರಾತ್ರಿ ಊಟಕ್ಕೆ ಏಳುವಾಗ ಒಂಬತ್ತು ಗಂಟೆ ಮೀರಿತ್ತು. ಪಾನಕ ಎಂದೋ ಮುಗಿದಿತ್ತು.