ಯಾರೂ ನಂಬದ ಚುನಾವಣೆ

1977ರ ಜನವರಿ 18, ಮಂಗಳವಾರ. ಆಕಾಶವಾಣಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ದನಿ ಕೇಳಿಬಂತು. ಲೋಕಸಭೆ ವಿಸರ್ಜನೆಯಾಗಲಿದೆ, ಮಾರ್ಚ್‌ನಲ್ಲಿ ಮಹಾಚುನಾವಣೆ ನಡೆಯಲಿದೆ ಎಂಬುದು ಅವರ ಮಾತಿನ ಸಾರ. ಸುಮಾರು ಹತ್ತೊಂಬತ್ತು ತಿಂಗಳಿಂದ ತುರ್ತು ಪರಿಸ್ಥಿತಿಯಲ್ಲಿ ಉಸಿರು ಬಿಗಿಹಿಡಿದಿದ್ದ ದೇಶ ಈ ಸುದ್ದಿ ಕೇಳಿ ಕುಣಿದಾಡಿತೆ? ಇಲ್ಲ. ಜನರ ಮೊದಲ ಪ್ರತಿಕ್ರಿಯೆ ಸಂತೋಷವಲ್ಲ, ಸಂಶಯ. ಇದರ ಹಿಂದೆ ಏನೋ ಇದೆ ಎಂದೇ ಹೆಚ್ಚಿನವರು ಭಾವಿಸಿದರು. ಆ ಮೇಲೆ ಅವರು ಮಾಡಿದ್ದು ಇನ್ನೂ ವಿಚಿತ್ರ: ಸುಮ್ಮನಾದರು. ಈ ಮೌನವನ್ನು ಆಳುವವರು ಒಂದು ರೀತಿ ಓದಿದರು, ವಿರೋಧಿಗಳು ಇನ್ನೊಂದು ರೀತಿ ಓದಿದರು. ಇಬ್ಬರ ಲೆಕ್ಕವೂ ತಪ್ಪಿತು.

ಈ ಚುನಾವಣೆ ಅವಧಿಗೆ ಮುನ್ನ ಬಂದದ್ದೋ ತಡವಾಗಿ ಬಂದದ್ದೋ ಎಂಬುದೇ ಒಂದು ಸ್ವಾರಸ್ಯದ ಪ್ರಶ್ನೆ. 1971ರ ಮಾರ್ಚ್‌ನಲ್ಲಿ ಆರಿಸಿಬಂದ ಲೋಕಸಭೆಯ ಐದು ವರ್ಷ 1976ರ ಮಾರ್ಚ್‌ಗೆ ಮುಗಿಯಬೇಕಿತ್ತು. ಆದರೆ ತುರ್ತು ಪರಿಸ್ಥಿತಿ ಜಾರಿಯಲ್ಲಿರುವಾಗ ಸಂಸತ್ತು ಒಂದು ಸಲಕ್ಕೆ ಒಂದು ವರ್ಷದಂತೆ ಲೋಕಸಭೆಯ ಆಯುಸ್ಸನ್ನು ಹೆಚ್ಚಿಸಬಹುದು ಎಂದು ಸಂವಿಧಾನದ 83ನೇ ವಿಧಿ ಹೇಳುತ್ತದೆ. ಆ ಅವಕಾಶವನ್ನು 1976ರಲ್ಲಿ ಎರಡು ಸಲ, ಫೆಬ್ರುವರಿಯಲ್ಲೊಮ್ಮೆ ನವೆಂಬರಿನಲ್ಲೊಮ್ಮೆ, ಬಳಸಿಕೊಳ್ಳಲಾಯಿತು. ಅಲ್ಲಿಗೆ ಲೋಕಸಭೆಯ ಆಯುಸ್ಸು 1978ರ ಮಾರ್ಚ್‌ವರೆಗೆ ಬೆಳೆಯಿತು. ಹೀಗಾಗಿ ಕಾಗದದ ಲೆಕ್ಕದಲ್ಲಿ ಚುನಾವಣೆ ಒಂದು ವರ್ಷ ಮುಂಚೆ ಬಂತು; ಮತದಾರನ ಲೆಕ್ಕದಲ್ಲಿ ಒಂದು ವರ್ಷ ತಡವಾಗಿ ಬಂತು. ಎರಡೇ ತಿಂಗಳ ಹಿಂದೆ ಚುನಾವಣೆಯನ್ನು ಮುಂದೂಡಿದ ಸರ್ಕಾರ ಈಗ ಇದ್ದಕ್ಕಿದ್ದಂತೆ ಅದನ್ನು ಕರೆದರೆ ಯಾರು ತಾನೆ ನಂಬಿಯಾರು?

ಸಂಶಯಕ್ಕೆ ಇನ್ನೊಂದು ಕಾರಣವೂ ಇತ್ತು. 1970ರ ಡಿಸೆಂಬರ್ 27ರಂದು ಇದೇ ಇಂದಿರಾ ಗಾಂಧಿಯವರು ಲೋಕಸಭೆಯ ಅವಧಿ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿರುವಾಗಲೇ ಅದನ್ನು ವಿಸರ್ಜಿಸುವಂತೆ ಮಾಡಿದ್ದರು. ಸ್ವತಂತ್ರ ಭಾರತದಲ್ಲಿ ಲೋಕಸಭೆಗೆ ಮಧ್ಯಂತರ ಚುನಾವಣೆ ನಡೆದದ್ದು ಅದೇ ಮೊದಲು. ವಿರೋಧ ಪಕ್ಷಗಳು ಕಣ್ಣು ಬಿಡುವಷ್ಟರಲ್ಲಿ ಅವರ ಕಾಂಗ್ರೆಸ್ಸು 352 ಸ್ಥಾನ ಗೆದ್ದಿತ್ತು. ಆಗಿನ್ನೂ ಮೈಸೂರು ಎಂದೇ ಹೆಸರಿದ್ದ ನಮ್ಮ ರಾಜ್ಯದಲ್ಲಿ 27ಕ್ಕೆ 27 ಸ್ಥಾನವೂ ಅವರ ಪಾಲಾಗಿತ್ತು. ಇಂಥವರು ಗೆಲುವಿನ ಖಾತರಿ ಇಲ್ಲದೆ ಪಗಡೆ ಉರುಳಿಸುತ್ತಾರೆಯೆ ಎಂದು ಜನ ಯೋಚಿಸಿದ್ದರಲ್ಲಿ ತಪ್ಪೇನಿಲ್ಲ.

ಬೆಂಗಳೂರಿನಲ್ಲಿ ಈ ಸುದ್ದಿಗೆ ಬೇರೆಯದೇ ಒಂದು ಹಿನ್ನೆಲೆಯಿತ್ತು. ಇಂದು ಫ್ರೀಡಂ ಪಾರ್ಕ್ ಎಂದು ಕರೆಯುವ ಜಾಗದಲ್ಲಿ ಆಗ ಕೇಂದ್ರ ಕಾರಾಗೃಹವಿತ್ತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದು 1975ರ ಜೂನ್ 26ರಂದು ಇಲ್ಲಿಯೇ ಬಂಧಿತರಾದವರಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇದ್ದರು. ಸೆರೆವಾಸದ ಬಹುಪಾಲನ್ನು ಇಲ್ಲೇ ಕಳೆದ ಆಡ್ವಾಣಿಯವರ ಬಿಡುಗಡೆ ಚುನಾವಣೆ ಘೋಷಣೆಯಾದ ದಿನವೇ ಆಯಿತು. ಅದೇ ದಿನ ಹರಿಯಾಣದಲ್ಲಿ ಮೊರಾರ್ಜಿ ದೇಸಾಯಿಯವರೂ ಬಿಡುಗಡೆಯಾದರು.

ಇದೇ ಕಾರಾಗೃಹದಲ್ಲಿ ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರೂ ಇದ್ದರು. 1976ರ ಮೇ ತಿಂಗಳಲ್ಲಿ ಬಂಧಿತರಾದ ಅವರ ಮೇಲಿನ ಯಾವ ಆರೋಪವೂ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ಉಬ್ಬಸದಿಂದ ಜರ್ಜರಿತರಾಗಿದ್ದ ಅವರನ್ನು 1977ರ ಜನವರಿ 15ರಂದು ಪೆರೋಲ್ ಮೇಲೆ ಮನೆಗೆ ಕಳಿಸಲಾಯಿತು. 18ರಂದು ಚುನಾವಣೆಯ ಘೋಷಣೆ. 20ರಂದು ಅವರು ತೀರಿಕೊಂಡರು. ಆ ವಾರ ಬೆಂಗಳೂರಿನ ಅವರ ಗೆಳೆಯರ ಬಳಗದಲ್ಲಿ ಚುನಾವಣೆಯ ಮಾತಾಡುವ ಮನಸ್ಸು ಯಾರಿಗೆ ಇದ್ದೀತು?

ಹಾಗಾದರೆ ಪ್ರಧಾನಿ ಚುನಾವಣೆಯನ್ನು ಕರೆದದ್ದಾದರೂ ಏಕೆ? ಇದಕ್ಕೆ ಒಂದೇ ಉತ್ತರವಿಲ್ಲ. ಗೆಲುವು ಖಚಿತ ಎಂದು ಗುಪ್ತಚರ ಇಲಾಖೆ ವರದಿ ಕೊಟ್ಟಿತ್ತು ಎಂದು ಬರೆದವರಿದ್ದಾರೆ. ಹೊರದೇಶಗಳ ಟೀಕೆ ಅವರನ್ನು ಚುಚ್ಚುತ್ತಿತ್ತು ಎನ್ನುವವರಿದ್ದಾರೆ. ಅದೇ ಜನವರಿ 7ರಂದು ಪಾಕಿಸ್ತಾನದಲ್ಲಿ ಭುಟ್ಟೋ ಚುನಾವಣೆ ಘೋಷಿಸಿದ್ದರು. ನೆರೆಯವರು ಮತಪೆಟ್ಟಿಗೆ ತೆರೆಯುವಾಗ ತಾವು ಮುಚ್ಚಿಕೊಂಡು ಕೂರುವುದು ನೆಹರೂ ಮಗಳಿಗೆ ಶೋಭಿಸುತ್ತಿರಲಿಲ್ಲ ಎಂಬ ವಾದವೂ ಇದೆ. ಮಗ ಸಂಜಯ್ ಗಾಂಧಿಗೆ ಈ ತೀರ್ಮಾನ ಹಿಡಿಸಿರಲಿಲ್ಲ ಎಂದೂ ಹೇಳುತ್ತಾರೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿತ್ತು. ಸುದ್ದಿಯೆಲ್ಲ ಸೆನ್ಸಾರ್ ಅಧಿಕಾರಿಯ ಮೇಜಿನ ಮೇಲಿಂದ ಹಾಯ್ದು ಬರಬೇಕಿತ್ತು. ಊರಿನ ಬಾಯಿ ಕಟ್ಟಿದವರಿಗೆ ಊರಿನ ಸುದ್ದಿ ಎಲ್ಲಿಂದ ಬಂದೀತು? ಬಂದದ್ದು ಕೆಳಗಿನ ಅಧಿಕಾರಿಗಳು ಮೇಲಿನವರ ಮುಖ ನೋಡಿ ಬರೆದ ವರದಿಗಳು ಮಾತ್ರ.

ವಿರೋಧ ಪಕ್ಷದವರ ಪ್ರತಿಕ್ರಿಯೆಯೂ ಹುಮ್ಮಸ್ಸಿನದೇನಲ್ಲ. ಕೈಯಲ್ಲಿ ಹಣವಿಲ್ಲ, ಕಾರ್ಯಕರ್ತರು ಜೈಲಿನಲ್ಲಿ. ಮುಂದೆ ಷಾ ಆಯೋಗ ಲೆಕ್ಕಹಾಕಿದಂತೆ ಆ ಅವಧಿಯಲ್ಲಿ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರು ಒಂದು ಲಕ್ಷಕ್ಕೂ ಹೆಚ್ಚು. ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಜೈಲಿನಲ್ಲಿದ್ದುಕೊಂಡು ಈ ಚುನಾವಣೆಯಲ್ಲಿ ಭಾಗವಹಿಸುವುದೇ ಬೇಡ ಎಂಬ ನಿಲುವು ತಳೆದಿದ್ದರು. ಸ್ಪರ್ಧಿಸಿದರೆ ಸರ್ವಾಧಿಕಾರಕ್ಕೆ ಮುದ್ರೆ ಒತ್ತಿದಂತಾಗುತ್ತದೆ ಎಂಬ ಭಯ ಅನೇಕರಲ್ಲಿತ್ತು. ಕೊನೆಗೆ ಇದೇ ಕಡೆಯ ಅವಕಾಶವೆಂದು ಜಯಪ್ರಕಾಶ ನಾರಾಯಣರು ಒತ್ತಿ ಹೇಳಿದ ಮೇಲೆ ಸಂಸ್ಥಾ ಕಾಂಗ್ರೆಸ್, ಜನಸಂಘ, ಭಾರತೀಯ ಲೋಕದಳ, ಸಮಾಜವಾದಿ ಪಕ್ಷ ಕೂಡಿ ಜನವರಿ 23ರಂದು ಜನತಾ ಪಕ್ಷವಾಯಿತು. ಹೊಸ ಪಕ್ಷಕ್ಕೆ ಸ್ವಂತ ಚಿಹ್ನೆಯೂ ಇರಲಿಲ್ಲ. ಲೋಕದಳದ ಚಕ್ರದೊಳಗಿನ ನೇಗಿಲು ಹೊತ್ತ ರೈತನನ್ನೇ ಕಡ ತಂದರು. ಆಗ ಕಾಂಗ್ರೆಸ್ಸಿನ ಗುರುತು ಹಸು-ಕರು. ಹಸು ಯಾರು, ಕರು ಯಾರು ಎಂದು ಉತ್ತರದ ಹಳ್ಳಿಗಳಲ್ಲಿ ಜನ ಹೇಳಿಕೊಂಡು ನಗುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. ಭಯ ಕರಗಿದ ಮೊದಲ ಸೂಚನೆ ನಗುವೇ.

ಆ ಭಯ ಒಂದೇ ದಿನದಲ್ಲಿ ಕರಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಸೆನ್ಸಾರ್ ಸಡಿಲವಾಯಿತು, ಆದರೆ ತುರ್ತು ಪರಿಸ್ಥಿತಿ ಹಿಂತೆಗೆಯಲಿಲ್ಲ. ಅಂದರೆ ಬಾಗಿಲು ತೆರೆದಿತ್ತು, ಚಿಲಕ ಮಾತ್ರ ಸರ್ಕಾರದ ಕೈಯಲ್ಲೇ ಇತ್ತು. ಇವತ್ತು ಮಾತಾಡಿದವನನ್ನು ಚುನಾವಣೆ ಮುಗಿದ ಮೇಲೆ ಹಿಡಿದು ಹಾಕಿದರೆ ಎಂಬ ಅಂಜಿಕೆ ಹಾಗೆಯೇ ಉಳಿದಿತ್ತು. ಫೆಬ್ರುವರಿ 2ರಂದು ಹಿರಿಯ ಸಚಿವ ಜಗಜೀವನ ರಾಂ ರಾಜೀನಾಮೆ ಎಸೆದು ಹೊರಬಂದರು. ಸಂಸತ್ತಿನಲ್ಲಿ ತುರ್ತು ಪರಿಸ್ಥಿತಿಯನ್ನು ಸಮರ್ಥಿಸಿದ್ದವರೇ ಹಡಗು ಬಿಟ್ಟರೆಂದರೆ ಹಡಗಿನಲ್ಲಿ ತೂತಿದೆ ಎಂದು ಸಾಮಾನ್ಯನಿಗೂ ಅರ್ಥವಾಯಿತು. ಫೆಬ್ರುವರಿ 6, ಭಾನುವಾರ, ದೆಹಲಿಯ ರಾಮಲೀಲಾ ಮೈದಾನದಲ್ಲಿ ಸಭೆ. ಜನ ಮನೆಯಲ್ಲೇ ಉಳಿಯಲೆಂದು ಅದೇ ಸಂಜೆ ದೂರದರ್ಶನದಲ್ಲಿ ‘ಬಾಬಿ’ ಸಿನಿಮಾ ಹಾಕಿದರು ಎಂಬುದು ಈಗ ಎಲ್ಲರೂ ಹೇಳುವ ಕತೆ. ಆದರೂ ಮೈದಾನ ತುಂಬಿತು. ಡಿಂಪಲ್ ಕಪಾಡಿಯಾರನ್ನು ಬಿಟ್ಟು ಎಪ್ಪತ್ತರ ಆಸುಪಾಸಿನ ಮುದುಕರ ಭಾಷಣ ಕೇಳಲು ಜನ ನಡೆದುಕೊಂಡು ಹೋದರು ಎಂದರೆ ಅದಕ್ಕಿಂತ ದೊಡ್ಡ ಜನಾಭಿಪ್ರಾಯ ಸಂಗ್ರಹ ಬೇಕೆ!

ಹಾಗೆಂದು ಹಳ್ಳಿಯ ಮತದಾರ ಬಾಯಿ ಬಿಡಲಿಲ್ಲ. ಅಪರಿಚಿತ ಕೇಳಿದರೆ ಹಾರಿಕೆಯ ಉತ್ತರವೇ. ಕಾಂಗ್ರೆಸ್ಸಿನವರಿಗೆ ಇದು ಒಪ್ಪಿಗೆಯ ಮೌನವಾಗಿ ಕಂಡಿತು, ಜನತಾ ಪಕ್ಷದ ಎಷ್ಟೋ ಜನರಿಗೆ ಸೋಲಿನ ಮೌನವಾಗಿ ಕಂಡಿತು. ಅದು ಎರಡೂ ಆಗಿರಲಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 81 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಹಿಂದಿನ ವರ್ಷ ಅದು 26 ಲಕ್ಷ. ಉತ್ತರದ ರಾಜ್ಯಗಳಲ್ಲಿ ಶಾಲಾ ಮಾಸ್ತರಿಗೂ ಇಷ್ಟು ‘ಕೇಸು’ ತರಬೇಕೆಂದು ಗುರಿ ನಿಗದಿಯಾಗಿ, ತರದಿದ್ದರೆ ಸಂಬಳ ನಿಲ್ಲುತ್ತಿತ್ತು. ಪತ್ರಿಕೆ ಓದದ, ಸಂವಿಧಾನದ ಹೆಸರು ಕೇಳದ ರೈತನಿಗೂ ತುರ್ತು ಪರಿಸ್ಥಿತಿ ಎಂದರೇನೆಂದು ಹೀಗೆ ತನ್ನ ಮನೆಬಾಗಿಲಲ್ಲೇ ಗೊತ್ತಾಯಿತು. ಅವನು ಮಾತಾಡಲಿಲ್ಲ ಅಷ್ಟೆ, ಮಾರ್ಚ್‌ವರೆಗೆ ಕಾದ.

ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆಯಿತು. 1971ರಲ್ಲಿ ಶೇ. 55ರಷ್ಟಿದ್ದ ಮತದಾನ ಶೇ. 60 ದಾಟಿತು. 20ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಬೀದಿಯಲ್ಲಿ ಫಲಿತಾಂಶದ ಬೋರ್ಡುಗಳ ಮುಂದೆ ಜನ ಜಮಾಯಿಸಿದರು. ರಾಯಬರೇಲಿಯಲ್ಲಿ ಪ್ರಧಾನಿ ಹಿಂದೆ ಬಿದ್ದ ಸುದ್ದಿ ಹೇಳಲು ಆಕಾಶವಾಣಿ ಹಿಂದೆಮುಂದೆ ನೋಡುತ್ತಿದ್ದಾಗ ಇಲ್ಲಿ ಪ್ರತಿ ಅಂಕಿಗೂ ಕೇಕೆ, ಕುಣಿತ. ಜನವರಿಯಲ್ಲಿ ಬರಬೇಕಿದ್ದ ಪ್ರತಿಕ್ರಿಯೆ ಎರಡು ತಿಂಗಳು ತಡವಾಗಿ ಬಂದಿತ್ತು. ರಾಜನಾರಾಯಣರ ಎದುರು ಇಂದಿರಾ ಗಾಂಧಿ 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು, ಅಮೇಥಿಯಲ್ಲಿ ಸಂಜಯ್ ಸೋತರು. ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಚುನಾವಣೆಯೇ ಬೇಡವೆಂದಿದ್ದ ಜಾರ್ಜ್, ಜೈಲಿನಿಂದಲೇ ಮುಜಫ್ಫರಪುರದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಗೆದ್ದರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾಯಿತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರುವರಿ 11ರಂದು ನಿಧನರಾಗಿದ್ದರಿಂದ ಆ ಹೊತ್ತಿನಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಬಿ.ಡಿ. ಜತ್ತಿಯವರು.

ಇಲ್ಲಿಗೆ ಕತೆ ಮುಗಿಯಿತು ಎಂದು ಹೇಳಿದರೆ ಕರ್ನಾಟಕದ ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಏಕೆಂದರೆ ನಮ್ಮ ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷಕ್ಕೆ ಸಿಕ್ಕಿದ್ದು ಹಾಸನ ಮತ್ತು ಬೆಂಗಳೂರು ದಕ್ಷಿಣ ಎರಡೇ. ಬೆಂಗಳೂರು ದಕ್ಷಿಣದಲ್ಲಿ ಗೆದ್ದ ಕೆ.ಎಸ್. ಹೆಗ್ಡೆಯವರು 1973ರಲ್ಲಿ ತಮ್ಮ ಜ್ಯೇಷ್ಠತೆಯನ್ನು ಕಡೆಗಣಿಸಿದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದವರು, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಆಂಧ್ರದಲ್ಲಂತೂ 42ರಲ್ಲಿ 41 ಕಾಂಗ್ರೆಸ್ಸಿನದು.

ಹಾಗಾದರೆ ಕನ್ನಡಿಗರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿರಲಿಲ್ಲವೆ? ಉತ್ತರದ ಕೆಲವರು ಆಗ ಹಾಗೆ ಮಾತಾಡಿದ್ದುಂಟು. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಇಲ್ಲಿಯೂ ಬಂಧನಗಳಾಗಿದ್ದವು, ಇಲ್ಲಿಯೂ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಆದರೆ ಉತ್ತರದಲ್ಲಿ ಮನೆಬಾಗಿಲಿಗೆ ಬಂದದ್ದು ಶಸ್ತ್ರಚಿಕಿತ್ಸೆಯ ಗುರಿ ಹೊತ್ತ ನೌಕರ, ಗುಡಿಸಲು ಕೆಡವುವ ಬುಲ್ಡೋಜರ್. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದೇ ವರ್ಷಗಳಲ್ಲಿ ಬಂದದ್ದು ದೇವರಾಜ ಅರಸರ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾನೂನಿನಡಿ ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿ ಕೂತಿದ್ದ ಗೇಣಿದಾರನಿಗೆ, ಸರ್ಕಾರ ಬದಲಾದರೆ ತನ್ನ ಕಡತದ ಗತಿ ಏನು ಎಂಬುದು ದೊಡ್ಡ ಪ್ರಶ್ನೆ. ಹಾವನೂರು ಆಯೋಗದ ವರದಿಯಿಂದ ಹಿಂದುಳಿದವರಲ್ಲಿ ಮೂಡಿದ್ದ ಆಸೆ ಇನ್ನೊಂದು. ಅವನೂ ಸ್ವಂತ ಬಾಗಿಲಲ್ಲಿ ನಿಂತೇ ಮತ ಹಾಕಿದ, ಉತ್ತರದವನ ಹಾಗೆಯೇ. ಬಾಗಿಲಿಗೆ ಬಂದದ್ದು ಬೇರೆಯಿತ್ತು, ಅಷ್ಟೆ. ಜೊತೆಗೆ ಗಮನಿಸಬೇಕು: 26 ಸ್ಥಾನ ಗೆದ್ದರೆ ಎಲ್ಲ ಮತವೂ ಕಾಂಗ್ರೆಸ್ಸಿಗೇ ಬಿತ್ತು ಎಂದಲ್ಲ. ಎರಡೇ ಸ್ಥಾನ ಪಡೆದ ಜನತಾ ಪಕ್ಷಕ್ಕೂ ಇಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಮತ ಬಿದ್ದಿತ್ತು.

ಸೋತ ಇಂದಿರಾ ಗಾಂಧಿಯವರು ಈ ನಕ್ಷೆಯನ್ನು ಸರಿಯಾಗಿ ಓದಿಕೊಂಡರು. ಮರುವರ್ಷ ಲೋಕಸಭೆಗೆ ಮರಳಲು ಅವರು ಆರಿಸಿಕೊಂಡದ್ದು ಚಿಕ್ಕಮಗಳೂರನ್ನು. ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿಕೊಟ್ಟರು. 1978ರ ನವೆಂಬರಿನ ಆ ಉಪಚುನಾವಣೆಯಲ್ಲಿ ಎದುರಾಳಿಯಾಗಿದ್ದವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಗೆಲುವಿನ ಅಂತರ 70 ಸಾವಿರಕ್ಕೂ ಹೆಚ್ಚು.